ಮಳಿಗೆ ಸಂಖ್ಯೆ ಹದಿನಾಲ್ಕು

ಪಂಪ್‌ವೆಲ್ ಹತ್ತಿರದ ಹಾಲಿನಲ್ಲಿ ಮೂರನೇ ದಿನ;
ಗಂಟಲು ಕಟ್ಟಿದೆ ನನಗೆ.
"ಗೋಡೆ ಎಳೆಯಿರಿ. ನೋಡಿ, ಬಂತು."

ಕಾಪುವಿನ ವಾದಿರಾಜ ಆಚಾರ್ರು
ಮೌಸನ್ನು ಉಳಿಯ ಹಾಗೆ ಹಿಡಿದು,
ಎಡಗೈಯಲ್ಲಿ ಮೇಜು ಒತ್ತಿಕೊಂಡೇ
ಕೂರಿಸಿದರು ಒಂದು ಬಾಗಿಲು.
ಪಕ್ಕದ ಕಿಟಕಿಯಾಚೆ ಹಿಮ, ಪೈನ್ ಮರ:
ಕಂಪೆನಿಯವರೇ ಇಟ್ಟದ್ದು.

"ಮೇಡಂ, ಇದರಲ್ಲಿ ಆಟಿ ಎಲ್ಲುಂಟು?
ಆಟಿಯಲ್ಲಿ ಮರ ಉಬ್ಬುವುದುಂಟಲ್ಲ,
ಪೋಸ್ಟ್‌ಕಾರ್ಡಿನಷ್ಟು ಸಂದು ಬಿಡಬೇಕು."

ಮೆನುಗಳನ್ನೆಲ್ಲ ತೆರೆದೆ.
ಬೆಳಕುಂಟು, ನೆರಳುಂಟು,
ಹಲಸಿನ ಮರದ ಬಣ್ಣ ಕೂಡ ಉಂಟು.

ಮುಂದಿನ ತಂಡ ಬಂದು ನಿಂತಿತು.
ತರಬೇತಿಯ ಪ್ರಮಾಣಪತ್ರ ಮಡಚಿ
ಕಿಸೆಗೆ ಹಾಕಹೊರಟವರು, ತಡೆದು,
ನಮ್ಮ ಮಳಿಗೆಯದೇ ಪ್ಲೈವುಡ್ ಬಾಗಿಲಿನ ಸಂದಿಗೆ
ಅದನ್ನೊಮ್ಮೆ ತೂರಿಸಿ ನೋಡಿದರು.

ಹೋಗಲಿಲ್ಲ.