ಎಂಟರ ಗಂಟ

ಹವಾಲ್ದಾರ್ ಜವರಪ್ಪನವರ ಮೂಗು
ಎಡಕ್ಕೆ ವಾಲಿದೆ, ಮಂಡ್ಯದ ಗುತ್ತಲು ರಸ್ತೆಯ ಹಾಗೆ.
ಕೇಳಿದರೆ ಜಬಲ್ಪುರ ಅನ್ನುತ್ತಾರೆ,
ಮತ್ತೆ ಕೇಳಿದರೆ ಪುಣೆ.

ಗೆದ್ದ ಕಪ್ಪುಗಳಲ್ಲಿ ಹೆಂಡತಿ ಮೆಂತ್ಯ, ಸಾಸಿವೆ ಇಟ್ಟಿದ್ದಾರೆ.
ಇವರು ಹೇಳುವುದು ಸೋತದ್ದೊಂದನ್ನೇ:
ಸರ್ವಿಸಸ್ ಫೈನಲ್ಲು, ಮೂರನೇ ರೌಂಡು.
"ಬಿದ್ದೋನು ಮೂರ್ಕೇ ಎದ್ಬುಟ್ಟೆ ಕಣವ್ವ, ರೋಸಕ್ಕೆ.
ಕಾಲು ಇನ್ನೂವೆ ನೆಲದಲ್ಲೇ ಇತ್ತು."

ಆಲೆಮನೆ ಹಿಂದಿನ ಶೆಡ್ಡು ನಮ್ಮ ರಿಂಗು.
ಗಾಡಿಯ ಮಿಣಿ ನಾಲ್ಕು ಸುತ್ತು,
ಗೋಣಿಚೀಲಕ್ಕೆ ಒಣಗಿದ ರಚ್ಚು, ಮರಳು;
ಗುದ್ದಿದರೆ ಸಿಹಿ ಧೂಳು,
ಇರುವೆ ಮುಷ್ಟಿಗೇ ಹತ್ತುತ್ತದೆ.

ಮೊದಲ ತಿಂಗಳು ಬೀಳುವುದನ್ನಷ್ಟೇ ಕಲಿಸಿದರು.
"ಒದೆಯೋದು ಕತ್ತೆಗೂ ಬತ್ತದೆ.
ಎಂಟರ ಗಂಟ ಏಳ್ಬ್ಯಾಡ.
ರೆಫ್ರಿ ಪುಕ್ಸಟ್ಟೆ ಕೊಡೋ ಉಸ್ರು ಅದು,
ಬಿಟ್ಟೋಳು ದಡ್ಡಿ."

ಅಪ್ಪ ಕಳಿಸಲ್ಲ ಅಂದಾಗ ಮನೆಗೆ ಬಂದು
ಟೀ ಕುಡಿದು, ಏನೂ ಹೇಳದೆ ಹೋದರು.
ಮಾರನೇ ದಿನವೂ ಬಂದರು.
ಐದನೇ ದಿನ ಅಪ್ಪ
ಸಕ್ಕರೆ ಮುಗಿಯಿತು ಸಾರ್ ಅಂದರು. ಕಳಿಸಿದರು.

ಈಗ ಬ್ಯಾಂಡೇಜು ಸುತ್ತುವಾಗ ಅವರ ಬೆರಳು ನಡುಗುತ್ತದೆ.
ನಾವೇ ಸುತ್ತಿಕೊಂಡು ಮುಂದೆ ಹಿಡಿಯುತ್ತೇವೆ,
ಸರಿಯಿದೆಯಾ ನೋಡಿ ಎಂದು.
ಸರಿಯಿದ್ದರೂ ಒಮ್ಮೆ ಬಿಚ್ಚಿಸುತ್ತಾರೆ.

ನಿನ್ನೆ ಪ್ಯಾಡು ಹಿಡಿದು ನಿಂತವರು
ನನ್ನ ಏಟು ತಾಕುವ ಮೊದಲೇ ಕುಸಿದರು.
ಓಡಿದೆ. ಅಂಗೈ ಎತ್ತಿ ತಡೆದರು.
ತುಟಿ ಅಲುಗುತ್ತಿತ್ತು: ಐದು, ಆರು...
ಎಂಟಾದ ಮೇಲೂ ಕೊಂಚ ಹೊತ್ತು ಕೂತೇ ಇದ್ದರು.

ಶೆಡ್ಡಿನಲ್ಲಿ ಹನ್ನೊಂದು ಮಕ್ಕಳಿದ್ದೆವು.
ಒಂಬತ್ತು ಅನ್ನಲು
ಯಾರೂ ಬಾಯಿ ಬಿಡಲಿಲ್ಲ.