ಬೂಟಿಗೆ ಕಿವಿಯಿಲ್ಲ

ಪಾಲಯ್ಯ ಬ್ಯಾಟರಿ ಹಚ್ಚುವುದಿಲ್ಲ.
ಜೋಗಿಮಟ್ಟಿಯ ಬೆನ್ನ ಮೇಲೆ, ಅಮಾವಾಸ್ಯೆಯ ಹಿಂದಿನ ರಾತ್ರಿ,
ಅವನ ಟೈರಿನ ಚಪ್ಪಲಿ ಮುಂದೆ, ನನ್ನ ಸರ್ಕಾರಿ ಬೂಟು ಹಿಂದೆ.
'ಕೇಳಿಸ್ತಾ?' ಅಂದ.
ಇಲ್ಲ ಅಂದೆ.
'ಕಲ್ಲು ಬದಲಾತು.'

ನಾನು ಹರಿಹರದಾಚೆಯ ಎರೆ ಹೊಲದವಳು.
ನಮ್ಮೂರಲ್ಲಿ ಕಲ್ಲೆಂದರೆ ಬೀಸುವ ಕಲ್ಲು, ಗಡಿ ಕಲ್ಲು, ಅಷ್ಟೆ.
ಅವೂ ಎಲ್ಲಿಂದಲೋ ಗಾಡಿಯಲ್ಲಿ ಬಂದವು.

ಇಲ್ಲಿ ಪದರಗಲ್ಲು. ತುಳಿದರೆ ಹಪ್ಪಳದ ಸದ್ದು.
ನಿಂತ ಹಲಗೆಗಳ ಸಂದಿನಲ್ಲಿ ಮಳೆನೀರು ಓರೆಯಾಗಿ ಇಳಿದು
ಎಲ್ಲೋ ಕೆಳಗೆ ತಡೆದು ತಡೆದು ಜಿನುಗುತ್ತದೆ.
ಅದಕ್ಕೇ ಹುಲ್ಲು, ಅದಕ್ಕೇ ಬಂದರಿಕೆ ಪೊದೆ,
ಪೊದೆಯೊಳಗೆ ಕೊಂಡಕುರಿ. ನಾಲ್ಕು ಕೊಂಬಿದ್ದೂ
ಒಂದನ್ನೂ ತೋರಿಸದೆ ಕೂರುವ ಸಂಕೋಚದ ಜೀವ.
'ದಿನಾ ಒಂದೇ ಜಾಗದಾಗೆ ಹಿಕ್ಕೆ ಹಾಕ್ತೈತೆ,
ಹಾಜರಿ ಪುಸ್ತಕಕ್ಕೆ ಸೈ ಮಾಡೋ ಹಂಗೆ.'

ಕಣಿವೆ ದಾಟಿದರೆ ಗುಂಡುಬಂಡೆಗಳು,
ಮದುವೆ ಮನೆಯಲ್ಲಿ ಒಬ್ಬರಿಗೊಬ್ಬರು ಒರಗಿ ನಿದ್ದೆ ಹೋದವರಂತೆ.
ಇದು ನೀರು ಕುಡಿಯುವ ಕಲ್ಲಲ್ಲ. ಬಿಸಿಲು ಕುಡಿಯುತ್ತದೆ.
ರಾತ್ರಿ ಹನ್ನೊಂದಕ್ಕೆ ಅಂಗೈ ಇಟ್ಟೆ:
ಒಲೆಯಿಂದ ಇಳಿಸಿಟ್ಟ ಹಂಚಿನ ಕಾವು.
ಬಿರುಕಿಗೆ ಬೆರಳು ತುರುಕಿದ ಬಸರಿ ಬೇರು.
ಬಂಡೆ ಬಿಟ್ಟು ಬೇರೆಡೆ ಬಾಳದ ಹಳದಿ ಕೊರಳಿನ ಪಿಕಳಾರ
ಇಲ್ಲೇ ಎಲ್ಲೋ ರೆಕ್ಕೆ ಮುದುಡಿ ಮಲಗಿರಬೇಕು.
ಸಂದಿಯಿಂದ ನೆನೆದ ಕಂಬಳಿಯ ವಾಸನೆ.
'ತಾಯಿ ಕರಡಿ. ಮರಿ ಎರಡು,'
ಪಾಲಯ್ಯ ಉಸಿರಲ್ಲೇ ಹೇಳಿದ,
ಮೂಗಿನಿಂದ ಎಣಿಸಿದವನಂತೆ.

ಮರಡಿಹಳ್ಳಿಯಲ್ಲಿ ಅವನ ತಂಗಿ ಚೌಡಮ್ಮನ ಮನೆ.
ಊರಾಚೆ ರಾಗಿ ಮೂಟೆ ಒಟ್ಟಿದಂಥ ಕಲ್ಲುಗಳಿವೆ.
ಕಡಲ ತಳದಲ್ಲಿ ಉಕ್ಕಿದ ಬೆಂಕಿ, ನೀರು ಸೋಕಿ,
ದಿಂಬು ದಿಂಬಾಗಿ ಹೆಪ್ಪುಗಟ್ಟಿದ್ದು ಎಂದು ನಾನು ವಿವರಿಸಿದ್ದೆ.
ಚೌಡಮ್ಮ ಎಲೆ ಅಡಿಕೆ ಜಗಿಯುತ್ತಾ ಕೇಳಿ,
'ಕಡಲು ಊರು ಬಿಟ್ಟು ಹೋಗೋವಾಗ
ದಿಂಬಾದ್ರೂ ಒಯ್ಯಬಾರದಿತ್ತಾ?' ಅಂದಿದ್ದಳು.

ಗಣತಿ ಫಾರಂನಲ್ಲಿ 'ಆವಾಸ' ಎಂಬ ಕಾಲಂ ಒಂದು ಬೆರಳಗಲ.
'ಕುರುಚಲು ಕಾಡು' ಎಂದು ಬರೆಯುವುದು ವಾಡಿಕೆ.
ಬರೆದೆ. ಹೊಡೆದು ಹಾಕಿದೆ.
ಕರಡಿಯ ಮನೆಗೆ ಹೆಂಚು ಹಾಕಿದ್ದು ಯಾವ ಬೆಂಕಿ,
ಕೊಂಡಕುರಿಯ ಹುಲ್ಲಿಗೆ ನೀರು ಕಟ್ಟಿದ್ದು ಯಾವ ಕಡಲ ಕೆಸರು,
ಬೆರಳಗಲದಲ್ಲಿ ಹೇಗೆ ಹಿಡಿಸಲಿ?

ಮರಳಿ ಬರುವಾಗ ಪಾಲಯ್ಯ ನಿಂತ.
'ಬೂಟು ಬಿಚ್ಚಮ್ಮ. ಬೂಟಿಗೆ ಕಿವಿ ಇಲ್ಲ.'

ಬಿಚ್ಚಿದೆ. ಹಿಮ್ಮಡಿಯಲ್ಲಿ ಇನ್ನೂ ಬಂಡೆಯ ಬಿಸಿ,
ಹೆಬ್ಬೆರಳಿಗಾಗಲೇ ಪದರಗಲ್ಲಿನ ತಣ್ಪು.
ಎರಡು ಕಲ್ಲಿನ ನಡುವಣ ಗಡಿ
ನನ್ನ ಒಂದೇ ಪಾದದಡಿ ಹಾದು ಹೋಗಿತ್ತು.
ಏನೋ ಹೇಳಲು ಬಾಯಿ ತೆರೆದೆ,
ಮುಂದಿನ ಹೆಜ್ಜೆಯಿಟ್ಟೆ.

ಕಾರೆ ಮುಳ್ಳು.

ಪಾಲಯ್ಯ ನಕ್ಕ, ಕುಕ್ಕರಗಾಲಲ್ಲಿ ಕೂತು
ಬ್ಯಾಟರಿ ಹಚ್ಚಿದ,
ಆ ರಾತ್ರಿ ಮೊದಲ ಸಲ.