ಬೆಟ್ಟದ ಕಡೆ ಗೋಲು

ಹಳೇ ಮೈದಾನಕ್ಕೆ ಇದ್ದದ್ದು ಎರಡೇ ದಿಕ್ಕು.
ಬೆಟ್ಟದ ಕಡೆ ಗೋಲು, ರೈಲಿನ ಕಡೆ ಗೋಲು.
ಟಾಸ್ ಗೆದ್ದವರು ರೈಲಿಗೆ ಬೆನ್ನು ಕೊಡುತ್ತಿದ್ದರು,
ಇಳಿಬಿಸಿಲು ಆಚೆ ತಂಡದ ಗೋಲಿಯ ಕಣ್ಣಿಗೆ ಹೊಡೆಯಲಿ ಅಂತ.

ನಡೆದೇ ಹೋಗುತ್ತಿದ್ದೆವು.
ಕುಕ್ಕರು ಮೂರನೇ ಸಲ ಕೂಗಿದ ಮೇಲೆ ಹೊರಟರೂ
ಮೊದಲ ಥ್ರೋ ಸಿಗುತ್ತಿತ್ತು.
ಚೆಂಡು ಗೋಡೆ ಹಾರಿ ಜುಬೇದಮ್ಮನ ಅಂಗಳಕ್ಕೆ ಬಿದ್ದರೆ
ಅವಳು ಬೈದು ಮುಗಿಸುವ ತನಕ ಆಟ ನಿಲ್ಲುತ್ತಿತ್ತು.
ರೆಫ್ರಿ ಕೂಡ ಕೈಕಟ್ಟಿ ಕೇಳುತ್ತಿದ್ದ.

ಈಗ ರಿಂಗ್ ರೋಡು ದಾಟಬೇಕು.
ಆಮೇಲೆ ಬಯಲು, ಸೈಟುಗಳ ಮೂಲೆಗಲ್ಲು,
ಮತ್ತೆ ಬಯಲು,
ಒಮ್ಮೆಲೇ ಯಾರೋ ಮರೆತು ಬಿಟ್ಟುಹೋದ ಹಾಗೆ
ಒಂದು ದೊಡ್ಡ ಬಿಳೀ ಬಟ್ಟಲು.
ಮರಳಿ ಬರುವ ಕೊನೇ ಬಸ್ಸು ಒಂಬತ್ತು ಹತ್ತಕ್ಕೆ.
ಆಟ ಮುಗಿಯುವುದು ಒಂಬತ್ತಕ್ಕೆ, ದೇವರು ಮೆಚ್ಚಿದರೆ.
ಇಂಜುರಿ ಟೈಮನ್ನು ನಾವ್ಯಾರೂ ನೋಡಿಲ್ಲ.
ಫುಟ್‌ಬೋರ್ಡಿನ ಮೇಲೆ ನಿಂತು ಕೇಳಿದ್ದೇವೆ,
ಯಾರ ಗೋಲು ಅನ್ನೋದನ್ನ
ಕೂಗಿನ ದಪ್ಪದಲ್ಲೇ ತಿಳಿದುಕೊಂಡು.

ಗೇಟಿನ ಹುಡುಗಿ ನನ್ನ ಚೀಲ ತಡವಿ
ಮೂಗಿನ ಹತ್ತಿರ ತಂದಳು. ಏನಿದು ವಾಸನೆ?
ಊದುಬತ್ತಿ ಹೊಸೆಯೋ ಕೈ ಕಣವ್ವ,
ತೊಳೆದ್ರೂ ಹೋಗಲ್ಲ.
ಬೆಂಕಿಪೊಟ್ಟಣಕ್ಕೆ ಹುಡುಕಿದಳು. ಸಿಕ್ಕಿದ್ದು ಬೇಯಿಸಿದ ಕಡಲೆಕಾಯಿ.
ಅದೂ ಡ್ರಮ್ಮಿನ ಪಾಲಾಯಿತು.
ಸಿದ್ದಮಾದುವಿನ ತಮಟೆಯನ್ನು ಒಳಗೆ ಬಿಟ್ಟರು,
ಕಾಯಿಸುವ ಬೆಂಕಿಯನ್ನು ಬಿಡಲಿಲ್ಲ.
ಇಬ್ಬನಿಗೆ ಸಡಿಲಾದ ಚರ್ಮ
ಒದ್ದೆ ಗೋಣಿಯ ಹಾಗೆ ಮಾತಾಡಿತು ಪೂರ್ತಿ ತೊಂಬತ್ತು ನಿಮಿಷ.

ನನಗೊಂದು ನಂಬರಿದೆ: ಜಿ, ನೂರ ಹದಿನಾಲ್ಕು.
ಮೂವತ್ತು ವರ್ಷ ಕಾಂಪೌಂಡಿನ ಮೇಲೆ ಕೂತವಳು ನಾನು,
ಆ ಕಲ್ಲಿಗೆ ನನ್ನ ಅಳತೆ ಗೊತ್ತಿತ್ತು.
ಇದು ಮಡಚುವ ಕುರ್ಚಿ.
ಅಂಚಿನ ತನಕ ಬಂದ ಚೆಂಡಿಗೆ ಎದ್ದು ನಿಂತರೆ
ಹಿಂದಿನಿಂದ ಟಪ್ಪಂತ ಮುಚ್ಚಿಕೊಳ್ಳುತ್ತೆ,
ಮುಗೀತು, ನಡಿ, ಅಂದ ಹಾಗೆ.

ಹೋಗಲಿ, ಕುರ್ಚಿಗೆ ಒಗ್ಗಬಹುದು.
ಕೂಗಿಗೆ ಒಗ್ಗೋದು ಕಷ್ಟ.
ಹಳೇ ಮೈದಾನದಲ್ಲಿ ಕೂಗು ಬೀದಿಗೆ ಹೋಗುತ್ತಿತ್ತು,
ಇಸ್ತ್ರಿ ಗಾಡಿ, ಚರ್ಚಿನ ಗೋಡೆ, ಮಟನ್ ಅಂಗಡಿ ಸುತ್ತಿ
ದಾರಿಯಲ್ಲಿ ಸಿಕ್ಕವರನ್ನೆಲ್ಲ ಸೇರಿಸಿಕೊಳ್ಳುತ್ತಿತ್ತು.
ನಾವು ಎಷ್ಟು ಜನ ಅಂತ ಯಾರೂ ಲೆಕ್ಕ ಇಟ್ಟಿರಲಿಲ್ಲ.
ಇಲ್ಲಿ ಚಾವಣಿ ಅದನ್ನು ಹಿಡಿದು
ಚಿಲ್ಲರೆ ಸಮೇತ ವಾಪಸು ಕೊಟ್ಟಿತು.
ಎಣಿಸಿದೆ. ನೂರೆಪ್ಪತ್ತು ಗಂಟಲು.
ಅಷ್ಟೇನಾ ನಾವು?
ಸೆಲ್ವಿನಣ್ಣ ನನ್ನ ಮುಖ ನೋಡಿದ,
ಆಮೇಲೆ ಶೂ ಲೇಸು ಬಿಚ್ಚಿ ಕಟ್ಟಿಕೊಂಡ.

ಬೆಟ್ಟ ಎಲ್ಲಿದೆ ಅಂತ ಇಲ್ಲಿ ಗೊತ್ತಾಗಲ್ಲ.
ಸುತ್ತಲೂ ಒಂದೇ ಥರದ ಚಾವಣಿ.
ಮೊದಲ ಮೂರು ಮ್ಯಾಚು "ಆ ಕಡೆ ಹೊಡಿ, ಆ ಕಡೆ"
ಅಂತಲೇ ಕಳೆಯಿತು.
ಎಡಗಡೆ ಓಡುವ ಹುಡುಗ ನಮ್ಮತ್ತ ತಿರುಗಿ
ಕೈ ಬಿಚ್ಚಿ ಕೇಳಿದ: ಯಾವ ಕಡೆ?

ನಾಲ್ಕನೆಯದಕ್ಕೆ ಸೆಲ್ವಿನಣ್ಣನ ಮೊಮ್ಮಗಳು,
ಏಳು ವರ್ಷ, ಹಲ್ಲು ಬಿದ್ದಿದೆ,
ಹಳೇ ಮೈದಾನ ಕಂಡವಳೇ ಅಲ್ಲ,
ಕುರ್ಚಿ ಮೇಲೆ ಹತ್ತಿ ಕಿರುಚಿದಳು:
ಬಸ್ಸಿನ ಕಡೆ ಹೊಡಿಯೋ!

ಹೊಡೆದ. ಕಂಬಕ್ಕೆ ತಾಗಿ ಹೊರಗೆ ಹೋಯಿತು.
ಆದರೂ.

ಮನೆಯಲ್ಲಿ ತಮ್ಮ ಟಿವಿಯ ಸದ್ದು ಕಡಿಮೆ ಮಾಡಿ ಕೂತಿದ್ದ.
ಹನ್ನೆರಡು ವರ್ಷ ಗೋಲು ಕಾದವನು.
ಟಿಕೆಟ್ ತಗೊಂಡು ನಮ್ಮ ಹುಡುಗರನ್ನ ನೋಡ್ಬೇಕಾ,
ಅಂತ ಒಂದು ಸಲವೂ ಬಂದಿಲ್ಲ.
ಯಾವ ಕಡೆ ತಪ್ಪಿದ್ದು? ಅಂದ.
ಬಸ್ಸಿನ ಕಡೆ, ಅಂದೆ.
ತುಂಬಾ ಹೊತ್ತು ಸುಮ್ಮನಿದ್ದು,
ಬಿಸಿಲು ಯಾರ ಕಣ್ಣಿಗೆ ಬೀಳುತ್ತೆ ಅಲ್ಲಿ?

ಬಿಸಿಲೆಲ್ಲಿಯದೋ, ರಾತ್ರಿ ಆಟ. ಲೈಟು.
ಎಲ್ಲರ ಕಣ್ಣಿಗೂ.